ಎಡತೋಳು ಮುಚ್ಚಿದ ಸೆರಗು

ಕಲ್ಲಿನ ಮೂರ್ತಿಗೆ ಸೀರೆ ಉಡಿಸುವುದು ಸುಲಭವಲ್ಲ. ಕಲ್ಲು ಕೈ ಎತ್ತುವುದಿಲ್ಲ, ಪಕ್ಕಕ್ಕೆ ತಿರುಗುವುದಿಲ್ಲ, ನೆರಿಗೆ ಜಾರಿದರೆ ಹಿಡಿದುಕೊಳ್ಳುವುದಿಲ್ಲ. ಹಳೆಯ ದೇವಿ ಗುಡಿಯಲ್ಲಿ ಮೂವತ್ತೆಂಟು ವರ್ಷ ಈ ಸೇವೆ ಮಾಡಿ ಈಗ ನಿವೃತ್ತರಾಗುತ್ತಿರುವ, ಎಲ್ಲರ ಬಾಯಲ್ಲಿ ‘ಸೀರೆ ಭಟ್ಟರು’ ಎಂದೇ ಹೆಸರಾದ ಹಿರಿಯರಿಗೆ ಈ ಕೆಲಸದಲ್ಲಿ ಸಾಟಿಯಿಲ್ಲವೆಂದರೆ ಅದು ಹೊಗಳಿಕೆಯಲ್ಲ, ಇದ್ದ ಮಾತು.

ಪಿನ್ನು ಚುಚ್ಚದೆ, ಒಂದೇ ನೂಲಿನ ಹುರಿಯಲ್ಲಿ ಇಡೀ ಸೀರೆ ನಿಲ್ಲಿಸುವುದನ್ನು ಅವರು ತಂದೆಯಿಂದ ಕಲಿತರು. ಮನೆಗೆಲಸದ ಹೆಂಗಸೊಬ್ಬಳು ದೇವಿಗೆಂದು ತಂದ ಅಗ್ಗದ ಸೀರೆ ಬಣ್ಣ ಬಿಡುತ್ತದೆಂದು ಗೊತ್ತಿದ್ದೂ ಅವಳ ಕಣ್ತುಂಬುವಷ್ಟು ಹೊತ್ತು ಉಡಿಸಿ, ಆಮೇಲೆ ಕಲ್ಲಿಗೆ ಹತ್ತಿದ ನೀಲಿಯನ್ನು ಕಡಲೆಹಿಟ್ಟಿನಿಂದ ಉಜ್ಜಿ ತೆಗೆದವರು ಅವರು.

ಒಂಬತ್ತು ವರ್ಷದ ಹಿಂದೆ, ಅಭಿಷೇಕದ ಹೊತ್ತಿನಲ್ಲಿ, ತುಂಬಿದ ತಾಮ್ರದ ಕೊಡ ಅವರ ಕೈಜಾರಿ ದೇವಿಯ ಎಡತೋಳಿಗೆ ಬಡಿಯಿತು. ಪರದೆ ಹಾಕಿತ್ತು, ಒಳಗೆ ಬೇರೆ ಯಾರೂ ಇರಲಿಲ್ಲ. ಹೆಗಲಿನಿಂದ ಮೊಣಕೈವರೆಗೆ ಕೂದಲೆಳೆಯಷ್ಟು ಬಿರುಕು. ಬಿರುಕು ಬಿಟ್ಟ ಮೂರ್ತಿಗೆ ಪೂಜೆ ಸಲ್ಲದು, ಅದನ್ನು ನೀರಿಗೆ ಬಿಟ್ಟು ಹೊಸದನ್ನು ನಿಲ್ಲಿಸಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಯಾರಿಗೂ ಹೇಳಲು ಬಾಯಿ ಬರಲಿಲ್ಲ. ಬಿರುಕಿಗೆ ಜೇನುಮೇಣ ತುಂಬಿ, ಸೆರಗನ್ನು ಅಗಲಿಸಿ ತೋಳಿನ ಮೇಲೆ ಇಳಿಬಿಟ್ಟರು. ಆ ಸೆರಗು ಜನಕ್ಕೆ ಎಷ್ಟು ಹಿಡಿಸಿತೆಂದರೆ, ಮದುವೆಮನೆಗಳಲ್ಲಿ ಹೆಂಗಸರು ಹಾಗೆಯೇ ಉಡತೊಡಗಿದರು. ಹೊಗಳಿದಾಗಲೆಲ್ಲ ಭಟ್ಟರ ಮುಖ ಬಾಡುತ್ತಿತ್ತು. ಎಲ್ಲರೂ ಅದನ್ನು ವಿನಯವೆಂದುಕೊಂಡರು.

ಈ ವರ್ಷ, ತಮ್ಮ ನಂತರ ಆ ಜಾಗಕ್ಕೆ ಬರುವ ಸೋದರಳಿಯನಿಗೆ ಕೆಲಸ ಒಪ್ಪಿಸುವ ದಿನ, ಅವರು ಮೊದಲ ಬಾರಿಗೆ ಆ ತೋಳನ್ನು ತೋರಿಸಿದರು.

“ಸುಮ್ನಿದ್ಬಿಡಿ ಮಾವ,” ಎಂದ ಅಳಿಯ. “ನಾನೂ ಹಿಂಗೇ ಉಡಿಸ್ಕೊಂಡು ಹೋಗ್ತೀನಿ. ಯಾರ್ ನೋಡ್ತಾರೆ?”

“ನೀನ್ ನೋಡ್ತೀಯಲ್ಲೋ, ದಿನಾ. ನಂಗೆ ಒಂಬತ್ತು ವರ್ಷಕ್ಕೇ ಸಾಕಾಗಿದೆ. ನಿನ್ನ ಕೊರಳಿಗೆ ಇದನ್ನ ಕಟ್ಟಿ ಹೋಗಲ್ಲ.”

ಅಂದೇ ಅವರು ಆಡಳಿತ ಮಂಡಳಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಮೂರ್ತಿಯನ್ನು ಬದಲಿಸುವುದೆಂದು ತೀರ್ಮಾನವಾಯಿತು. ಅವರ ನಿವೃತ್ತಿಗೆಂದು ಗುಡಿಯವರು ತರುತ್ತಿರುವ ಈ ಅಭಿನಂದನ ಗ್ರಂಥವೇ ಬೇಡವೆಂದವರೂ ಇದ್ದರು. ಗುಡಿಗೆ ಹೂ ಕಟ್ಟುವ ಅಜ್ಜಿ ಮಾತ್ರ ನೇರವಾಗಿ ಕೇಳಿದಳು: “ಹಂಗಾದ್ರೆ ಇಷ್ಟು ವರ್ಷ ನಾನು ಬೇಡಿಕೊಂಡಿದ್ದೆಲ್ಲ ಎಲ್ಲಿಗೆ ಹೋಯ್ತು ಭಟ್ರೇ?” ಅಂದಿನಿಂದ ಅವಳು ಹೂ ಕಳಿಸುತ್ತಿದ್ದಳು, ತಾನು ಬರುತ್ತಿರಲಿಲ್ಲ.

ಹಳೆಯ ಮೂರ್ತಿಯ ಕೊನೆಯ ಪೂಜೆಯ ದಿನ ಭಟ್ಟರೇ ಸೀರೆ ಉಡಿಸಿದರು. ಮೇಣವನ್ನು ಪೂರ್ತಿ ಕೆರೆದು ತೆಗೆದರು. ಸೆರಗನ್ನು ಹಿಂದಕ್ಕೆ ಸರಿಸಿ ಎಡತೋಳನ್ನು ಬರಿದಾಗಿಯೇ ಬಿಟ್ಟರು. ಪರದೆ ಸರಿದಾಗ ಜನರ ನಡುವಿನಿಂದ ಮುಂದೆ ಬಂದ ಅಜ್ಜಿ ಆ ಗೆರೆಯನ್ನು ತುಂಬ ಹೊತ್ತು ನೋಡಿದಳು.

“ಒಬ್ರೇ ನುಂಗ್ಕೊಂಡು ಕೂತಿದ್ರಲ್ಲ, ಹುಚ್ಚಪ್ಪ. ಊಟನಾದ್ರೂ ಸೇರ್ತಿತ್ತಾ ನಿಮಗೆ?” ಎಂದಳು.

ಭಟ್ಟರು ಕಂಬ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು.

ಹೊಸ ಮೂರ್ತಿ ಇನ್ನೂ ಶಿಲ್ಪಿಯ ಅಂಗಳದಲ್ಲಿ ಅರ್ಧ ಕಲ್ಲಾಗಿ ಮಲಗಿದೆ. ಅದನ್ನು ತಾವು ಮುಟ್ಟುವುದಿಲ್ಲವೆಂದು ಭಟ್ಟರು ಹೇಳಿಯಾಗಿದೆ. ಅವರನ್ನು ಯಾರೂ ಒತ್ತಾಯಿಸುತ್ತಿಲ್ಲ. ಅವರ ಆಯುಷ್ಯ ಗಟ್ಟಿಯಾಗಿರಲಿ, ಇನ್ನಾದರೂ ನಿದ್ದೆ ಬರಲಿ. ಅಳಿಯ ಮೊದಲ ದಿನ ನೆರಿಗೆ ಹಿಡಿಯುವಾಗ ಪರದೆಯ ಹೊರಗಾದರೂ ಅವರು ನಿಂತಿರಲಿ, ತಪ್ಪಿದರೆ ಗದರಲಿ ಎಂಬುದು ಗುಡಿಯವರೆಲ್ಲರ ಬೇಡಿಕೆ.