ಮೂಡಲಗಿಯ ಹುಡುಗಿ, ಗೋಕಾಕದ ಬಂಗಲೆ

ಈ ವರ್ಷ ಫೆಬ್ರುವರಿಯ ಎರಡನೇ ಬುಧವಾರ ಮಧ್ಯಾಹ್ನ, ಮೂಡಲಗಿಯ ಹದಿನೈದು ವರ್ಷದ ಹುಡುಗಿಯೊಬ್ಬಳ ಹೆಸರಿನಲ್ಲಿದ್ದ ಆನ್‌ಲೈನ್ ದೇಣಿಗೆಯ ಪುಟವನ್ನು ತಡೆಹಿಡಿಯಲಾಯಿತು. ಬೆಳಗಾವಿಯಲ್ಲಿ ಪ್ರತಿ ಭಾನುವಾರ ನಡೆಯುವ ಸಂಗೀತ ತರಗತಿಗೆ ಅವಳು ಸೇರಬೇಕಿತ್ತು. ಶುಲ್ಕ, ಪುಸ್ತಕ ಮತ್ತು ಮಧ್ಯಾಹ್ನದ ಊಟದ ಖರ್ಚು ಆ ಪುಟದಿಂದ ಬರಬೇಕಿತ್ತು. ಅರ್ಧದಷ್ಟು ಬಂದಿತ್ತು. ಅಷ್ಟರಲ್ಲಿ ಒಬ್ಬ ದಾನಿ ಅವಳ ಫೋಟೋದ ಕೆಳಗೆ ಬರೆದರು: ‘ಕೊರಳಲ್ಲಿ ಚಿನ್ನ, ಹಿಂದೆ ಬಂಗಲೆ. ಇವರಿಗೆ ನಮ್ಮ ದುಡ್ಡು ಯಾಕೆ?’ ಬೆಳಗಾಗುವುದರೊಳಗೆ ಇನ್ನೂ ಹಲವರು ಅದನ್ನೇ ಕೇಳಿದ್ದರು.

ಪುಟ ನಡೆಸುವುದು ಬೆಂಗಳೂರಿನ ಒಂದು ಸಣ್ಣ ಸಂಸ್ಥೆ. ಶಾಲೆಯ ಪಾಠದ ಆಚೆ ಸಂಗೀತ, ಆಟ, ಚಿತ್ರಕಲೆ ಕಲಿಯಲು ಕೈಯಲ್ಲಿ ಕಾಸಿಲ್ಲದ ಹದಿಹರೆಯದವರನ್ನು ದಾನಿಗಳೊಂದಿಗೆ ಸೇರಿಸುವುದು ಅದರ ಕೆಲಸ. ಪತ್ರಿಕೆಯ ಸುದ್ದಿಮನೆಯಿಂದ ನಿವೃತ್ತನಾದ ಮೇಲೆ ಬೆಳಗಾವಿ ಜಿಲ್ಲೆಯ ಅರ್ಜಿಗಳನ್ನು ಮನೆಗೆ ಹೋಗಿ ನೋಡಿ ಬರುವ ಕೆಲಸವನ್ನು ನಾನು ಒಪ್ಪಿಕೊಂಡಿದ್ದೇನೆ. ಈ ಅರ್ಜಿ ಬಂದಾಗ ನಾನು ಊರಲ್ಲಿರಲಿಲ್ಲ. ಯಾರೂ ನೋಡದೆಯೇ ಪುಟ ತೆರೆದಿತ್ತು. ಸಂಸ್ಥೆಯ ನಂದಿತಾ ಬುಧವಾರ ಸಂಜೆ ಫೋನ್ ಮಾಡಿದರು. ತರಗತಿಯವರು ಹೆಸರುಗಳ ಪಟ್ಟಿಯನ್ನು ಶುಕ್ರವಾರ ಸಂಜೆ ಮುಚ್ಚುತ್ತಾರೆ. ಅಷ್ಟರೊಳಗೆ ಪುಟ ಮತ್ತೆ ತೆರೆಯದಿದ್ದರೆ ಹುಡುಗಿಯ ಜಾಗ ಬೇರೆಯವರಿಗೆ. ನನಗೆ ಉಳಿದದ್ದು ಗುರುವಾರ ಒಂದೇ ದಿನ.

ಬೆಳಿಗ್ಗೆ ಬೆಳಗಾವಿ ಬಿಟ್ಟೆ. ನೇರ ಮೂಡಲಗಿಗೆ ಹೋಗುವಂತಿರಲಿಲ್ಲ. ಹುಡುಗಿಯ ಪರವಾಗಿ ಅರ್ಜಿ ಹಾಕಿದ ಅವಳ ಶಾಲೆಯ ಮಾಸ್ತರರಿಗೆ ಹುಕ್ಕೇರಿ ಕಡೆಗೆ ವರ್ಗವಾಗಿತ್ತು, ಫೋನ್ ಎತ್ತುತ್ತಿರಲಿಲ್ಲ. ಹೆದ್ದಾರಿಯಲ್ಲಿ ಹತ್ತರಗಿಯವರೆಗೆ ಬಸ್ಸು ಚೆನ್ನಾಗಿ ಓಡಿತು. ಅಲ್ಲಿ ಇಳಿದು ಹುಕ್ಕೇರಿಯ ಬಸ್ಸಿಗೆ ನಿಂತೆ. ಒಂದು ಬಸ್ಸು ತುಂಬಿ ಬಂದು ನಿಲ್ಲದೇ ಹೋಯಿತು. ಎರಡನೆಯದರಲ್ಲಿ ಬಾಗಿಲ ಮೆಟ್ಟಿಲ ಮೇಲೆ ಜಾಗ ಸಿಕ್ಕಿತು. ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ದೊಡ್ಡ ಧ್ವನಿಯಲ್ಲಿ ಹಾಡು ಹಾಕಿಕೊಂಡು ರಸ್ತೆಯ ನಡುವೆಯೇ ಹೋಗುತ್ತಿದ್ದವು. ಒಂದನ್ನು ದಾಟಿದರೆ ಮುಂದೆ ಇನ್ನೊಂದು. ನಾನು ಮತ್ತೆ ಮತ್ತೆ ಗಡಿಯಾರ ನೋಡುವುದನ್ನು ಕಂಡ ಕಂಡಕ್ಟರ್ ಹೇಳಿದ, ‘ಗಡಿಯಾರ ನೋಡಿದ್ರ ಟ್ರ್ಯಾಕ್ಟರ್ ಬಾಜೂಕ ಸರಿಯಾಂಗಿಲ್ರಿ ಸರ. ಸುಮ್ಮ ಹಾಡ ಕೇಳ್ರಿ.’

ಮಹಾಂತೇಶ ಮಾಸ್ತರರು ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ಖೋಖೋ ಆಡಿಸುತ್ತಿದ್ದರು. ಸೀಟಿ ಕೊರಳಲ್ಲಿತ್ತು, ಫೋನ್ ಆಫೀಸಿನ ಕೋಣೆಯಲ್ಲಿ. ಪುಟ ನಿಂತ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ನನ್ನ ಮೊಬೈಲಿನಲ್ಲಿ ಫೋಟೋ ನೋಡಿ ಕುರ್ಚಿ ಎಳೆದುಕೊಂಡು ಕುಳಿತರು.

ಫೋಟೋದಲ್ಲಿ ಹುಡುಗಿ ಜರಿ ಅಂಚಿನ ಹಸಿರು ಚೂಡಿದಾರ ತೊಟ್ಟಿದ್ದಾಳೆ. ಕೊರಳಲ್ಲಿ ಎರಡೆಳೆ ಬೋರಮಾಳ, ಅದರ ಗುಂಡುಗಳು ಹೊಳೆಯುತ್ತಿವೆ. ಕೈಯಲ್ಲಿ ಕ್ಲಾರಿನೆಟ್. ಹಿಂದೆ ಬಿಳಿ ಕಂಬಗಳ ಎರಡಂತಸ್ತಿನ ಬಂಗಲೆ, ಮುಂದೆ ಹುಲ್ಲುಹಾಸು.

‘ಇದು ಗೋಕಾಕದ ಸ್ಟುಡಿಯೋದ್ದು ಸರ, ಪರದೆ,’ ಎಂದರು ಮಾಸ್ತರರು. ‘ಆಕಿ ಅಪ್ಪ ಮೀರಾಸಾಬ ಬ್ಯಾಂಡ್ ಕಂಪನ್ಯಾಗ ಊದತಾನ. ಫೋಟೋ ಕಳಸಪಾ ಅಂದೆ. ಕಳಸಿದ. ನಾನು ಏರಿಸಿದೆ. ಫೋಟೋ ಅಂದ್ರ ನಮ್ಮ ಕಡೆ ಹಿಂಗ ಅಲ್ಲೇನ್ರಿ? ನನ್ನ ಮದವಿ ಫೋಟೋದಾಗೂ ಇದ ಬಂಗಲೆ ಐತಿ. ಅದನ್ನ ನೋಡಿ ನಾನರ ಏನಂತ ಡೌಟ್ ಮಾಡ್ಲಿ?’

ಅವರು ನಗಲಿಲ್ಲ. ಶಾಹಿನ್ (ಹುಡುಗಿಯ ಮತ್ತು ಉಳಿದವರ ಹೆಸರುಗಳನ್ನು ಬದಲಿಸಿದ್ದೇನೆ) ಅಪ್ಪನಿಂದ ಕೇಳಿ ಕೇಳಿಯೇ ಎಲ್ಲವನ್ನೂ ಊದುತ್ತಾಳೆ, ಬರೆದ ಸ್ವರ ಓದಲು ಬರುವುದಿಲ್ಲ ಎಂದು ಹೇಳಿದರು. ‘ಪೊಲೀಸ್ ಬ್ಯಾಂಡಿಗೆ ಹೆಣ್ಣಮಕ್ಕಳನ್ನ ತಗೋತಾರ ಅಂತ ಯಾರೋ ಹೇಳ್ಯಾರ. ಅವತ್ತಿಂದ ಓದಾಕ ಕಲೀಬೇಕು ಅಂತ ನನ್ನ ಬೆನ್ನ ಹತ್ಯಾಳ. ನಾ ಇಲ್ಲಿಗೆ ಬಂದ್ರೂ ಬಿಟ್ಟಿಲ್ಲ.’

ಹುಕ್ಕೇರಿಯಿಂದ ಗೋಕಾಕಕ್ಕೆ ಘಟಪ್ರಭಾ ದಾಟಿ ಹೋಗಬೇಕು. ಬಸ್ಸಿನಲ್ಲಿದ್ದಾಗ ನಂದಿತಾ ಮತ್ತೆ ಫೋನ್ ಮಾಡಿದರು. ಪರದೆಯ ವಿಷಯ ಹೇಳಿದೆ.

‘ನಾನು ನಂಬ್ತೀನಿ ಸರ್. ಆದ್ರೆ ದಾನಿಗಳಿಗೆ ಒಬ್ಬೊಬ್ಬರಿಗೂ ಹೇಳೋಕಾಗುತ್ತಾ? ಸಿಂಪಲ್ಲಾಗಿ ಬೇರೆ ಫೋಟೋ ತೆಗೆದುಬಿಡಿ. ದಿನಾ ಹಾಕೋ ಬಟ್ಟೆ, ಮನೆ ಬಾಗಿಲು, ಅಷ್ಟೇ. ಸ್ವಲ್ಪ ಹಳೇ ಬಟ್ಟೆ ಆದ್ರೂ ಪರವಾಗಿಲ್ಲ.’

ಸರಿ ಎಂದೆ. ಅದು ಸುಲಭದ ಕೆಲಸ ಎಂದೇ ಅನಿಸಿತ್ತು.

ಗೋಕಾಕದಲ್ಲಿ ಬಿಸಿಲು ಏರಿತ್ತು. ಖಾನಾವಳಿಯಲ್ಲಿ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ ಬಡಿಸಿದರು. ಎರಡನೇ ರೊಟ್ಟಿ ಬರುವ ಮೊದಲೇ ಎದ್ದೆ. ಸ್ಟುಡಿಯೋ ಮಾರ್ಕೆಟ್ಟಿನ ಒಂದು ಗಲ್ಲಿಯಲ್ಲಿ, ಪಾತ್ರೆ ಅಂಗಡಿಯ ಮೇಲೆ. ಮಾಲೀಕ ಅಶೋಕ ಶಾಲೆಯ ಗುರುತಿನ ಚೀಟಿಯ ಫೋಟೋಗಳನ್ನು ಕತ್ತರಿಸುತ್ತ ಕುಳಿತಿದ್ದರು. ಬಂದ ಕಾರಣ ಹೇಳಿದೆ. ಅವರಿಗೆ ಸಿಟ್ಟು ಬಂತು, ನನ್ನ ಮೇಲಲ್ಲ.

‘ಬಂಗಲೆ ಐತಿ ಅಂತ ಕಂಪ್ಲೇಂಟ್ ಏನ್ರಿ? ಈ ಬಂಗಲೆ ಮುಂದ ಅರ್ಧ ಗೋಕಾಕ ನಿಂತೈತಿ! ಅವರೆಲ್ಲಾ ಸಾವ್ಕಾರ್ರಾಗಿದ್ರ ನಾ ಇನ್ನೂ ಪಾತ್ರೆ ಅಂಗಡಿ ಮ್ಯಾಲ ಯಾಕ ಕುಂದ್ರತಿದ್ದೆ?’

ಹಗ್ಗ ಬಿಚ್ಚಿ ಪರದೆ ಇಳಿಬಿಟ್ಟರು. ಬಂಗಲೆಯ ಮೇಲಂತಸ್ತಿನ ಒಂದು ಕಿಟಕಿ ಹರಿದು, ಅದಕ್ಕೆ ಹಿಂದಿನಿಂದ ತೇಪೆ ಹಾಕಿತ್ತು. ಫೋಟೋದಲ್ಲಿ ಆ ಜಾಗ ಹುಡುಗಿಯ ತಲೆಯ ಹಿಂದೆ ಬರುತ್ತದೆ. ‘ಅದಕ್ಕ ಎಲ್ಲಾರ್ನೂ ಅಲ್ಲೇ ನಿಲ್ಲಸ್ತೇನಿ,’ ಎಂದರು ಅಶೋಕ. ಪರದೆಯ ಪಕ್ಕದಲ್ಲಿ ಅವರನ್ನೇ ನಿಲ್ಲಿಸಿ, ಗೋಡೆ ಮತ್ತು ಹಗ್ಗ ಕಾಣುವ ಹಾಗೆ ನನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡೆ. ನಾನು ತೆಗೆಯುವ ಮುನ್ನ ಅವರು ಕನ್ನಡಿ ನೋಡಿ ತಲೆ ಬಾಚಿಕೊಂಡಿದ್ದರು.

ಮೂಡಲಗಿ ತಲುಪಿದಾಗ ಶಾಲೆ ಬಿಟ್ಟಿತ್ತು. ಮೀರಾಸಾಬರ ಮನೆ ಎಂದರೆ ಒಂದು ಕೋಣೆ, ಅದರ ಮುಂದೆ ತಗಡಿನ ಚಪ್ಪರ. ಚಪ್ಪರದ ಕೆಳಗೆ ಬ್ಯಾಂಡಿನ ಕೆಂಪು ಕೋಟುಗಳು ಒಣಗುತ್ತಿದ್ದವು. ಅವರ ತಾಯಿ ಹುಸೇನಬಿ ನನ್ನನ್ನು ಹೊರಸಿನ ಮೇಲೆ ಕೂರಿಸಿ ಚಹಾಕ್ಕಿಟ್ಟರು. ಶಾಹಿನ್‌ಳ ತಾಯಿ ತೀರಿಕೊಂಡು ಬಹಳ ವರ್ಷವಾಗಿದೆ. ಮನೆ ನಡೆಸುವುದು ಈ ಅಜ್ಜಿ. ಪಕ್ಕದ ಮನೆಯ ಕಾಶವ್ವ, ಯಾರು ಬಂದರೆಂದು ನೋಡಲು ಬಂದವರು, ಹೊಸ್ತಿಲ ಮೇಲೆ ಕುಳಿತೇಬಿಟ್ಟರು.

ಪುಟ ನಿಂತದ್ದನ್ನು, ಏಕೆ ನಿಂತಿತು ಎಂಬುದನ್ನು, ಪಟ್ಟಿ ನಾಳೆ ಸಂಜೆ ಮುಚ್ಚುತ್ತದೆ ಎಂಬುದನ್ನು ಹೇಳಿದೆ. ಶಾಹಿನ್ ಶಾಲೆಯ ಚೀಲವನ್ನು ಇನ್ನೂ ಹೆಗಲಿನಿಂದ ಇಳಿಸಿರಲಿಲ್ಲ. ‘ನಾಳಿ ಸಂಜಿ ಅಂದ್ರ ನಾಳಿ ಸಂಜಿನ ಏನ್ರಿ ಸರ?’ ಎಂದು ಕೇಳಿದಳು. ಹೌದು ಎಂದೆ. ಬಾಗಿಲಲ್ಲಿ ಇನ್ನೂ ಬೆಳಕು ಚೆನ್ನಾಗಿದೆ, ಮನೆಯ ಬಟ್ಟೆಯಲ್ಲಿ ಒಂದು ಫೋಟೋ ತೆಗೆದು ಈಗಲೇ ಕಳಿಸಬಹುದು ಎಂದೆ.

ಹುಸೇನಬಿ ಚಹಾದ ಬಟ್ಟಲು ಕೆಳಗಿಟ್ಟರು. ‘ಅದು ಆಗಾಂಗಿಲ್ರಿ.’

‘ಯಾಕೆ?’

‘ಫೋಟೋ ಅಂದ್ರ ಕಾಣದ ಊರವರ ಮುಂದ ಹೋಗಿ ನಿಂತಾಂಗ. ಕೊಡಾವ್ರ ಮುಂದ ಮಾಸಿದ ಅಂಗಿ ಹಾಕ್ಕೊಂಡು ನಿಂತ್ರ ಅವರಿಗೆ ಏನ ಮರ್ಯಾದಿ ಕೊಟ್ಟಾಂಗಾತು? ಇದ್ದದ್ರಾಗ ಛಲೋದು ಹಾಕಸಿ ನಿಲ್ಲಿಸೇನಿ. ಇಲ್ಲದ್ದನ್ನ ಕೇಳಿ ತಂದು ಹಾಕೇನಿ. ತಪ್ಪೇನೈತಿ ಹೇಳ್ರಿ.’

‘ಅವರು ಬಂಗಾರ ಅಂದುಕೊಂಡರು.’

ಹೊಸ್ತಿಲ ಮೇಲಿದ್ದ ಕಾಶವ್ವ ಸೆರಗು ಸರಿಮಾಡಿಕೊಂಡರು. ‘ಅದು ಬಂಗಾರ ಅಲ್ರಿ,’ ಎಂದರು.

ಹುಸೇನಬಿ ಅವರ ಕಡೆ ತಿರುಗಿದರು. ‘ಏನಂದಿ?’

‘ಖರೆ ಬೋರಮಾಳ ಸಣ್ಣ ಮಗಳ ಮದವ್ಯಾಗ ಹೋತು. ಇದು ನೀರ ಕುಡಿಸಿದ್ದು. ಸಂಕೇಶ್ವರದಾಗ ತಗೊಂಡಿದ್ದೆ.’

‘ಎಲಾ ಇಕಿನ! ಕೊಡೂವಾಗ ನೂರ ಸಲ ಹೇಳಿದ್ದಿ, ಬಂಗಾರ ಐತಿ, ಜ್ವಾಕಿ, ಬಸ್ಸಿನ್ಯಾಗ ಕೊರಳಾಗ ಹಾಕಬ್ಯಾಡ್ರಿ ಅಂತ. ಗೋಕಾಕ ಮುಟ್ಟೂ ತನಕ ಅದನ್ನ ಎದಿಗೆ ಹಿಡಕೊಂಡು ಕುಂತಿದ್ದೆ ನಾ!’

‘ಹಿಡಕೊಂಡಿದ್ದಕ್ಕ ಅಲ್ಲೇನವಾ ಸುಳ್ಳ ಖರೆ ಕಂಡದ್ದು,’ ಎಂದರು ಕಾಶವ್ವ. ಇಬ್ಬರೂ ನಕ್ಕರು. ಶಾಹಿನ್ ನಗಲಿಲ್ಲ. ಅವಳು ಬಾಗಿಲ ಬೆಳಕನ್ನು ನೋಡುತ್ತಿದ್ದಳು.

ಆ ಹೊತ್ತಿಗೆ ಮೀರಾಸಾಬ ಬಂದರು, ಕಂಕುಳಲ್ಲಿ ಕ್ಲಾರಿನೆಟ್ಟಿನ ಪೆಟ್ಟಿಗೆ. ವಿಷಯ ಕೇಳಿ ತಾಯಿಯ ಮುಖ ನೋಡಿದರು, ಮಗಳ ಮುಖ ನೋಡಿದರು. ಪೆಟ್ಟಿಗೆ ಮಗಳ ಕೈಗೆ ಕೊಟ್ಟು, ‘ಸಾಹೇಬ್ರಿಗೆ ಒಂದು ಊದಿ ತೋರ್ಸು,’ ಎಂದರು. ಅವಳು ಊದಿದ್ದು ಮೆರವಣಿಗೆಯಲ್ಲಿ ಮದುಮಗ ಕುದುರೆ ಇಳಿಯುವಾಗ ನುಡಿಸುವ ಧಾಟಿ. ನಡುವೆ ಒಂದು ಕಡೆ ತಪ್ಪಿತು. ಅಪ್ಪ ತನ್ನ ಮೊಣಕಾಲ ಮೇಲೆಯೇ ಬೆರಳು ಆಡಿಸಿ ತೋರಿಸಿದರು. ಅವಳು ಮತ್ತೆ ಅಲ್ಲಿಂದಲೇ ಹಿಡಿದಳು. ಎದುರು ಮನೆಯವರು ಯಾರ ಮದುವೆ ಎಂದು ಹೊರಗೆ ಬಂದು ನೋಡಿದರು.

ಸುದ್ದಿಮನೆಯಲ್ಲಿ ಫೋಟೋದ ಬಗ್ಗೆ ದೂರು ಬಂದರೆ ಎರಡು ದಾರಿ: ಫೋಟೋವನ್ನೇ ತೆಗೆದುಹಾಕುವುದು ಅಥವಾ ಅದರ ಅಡಿಬರಹ ತಿದ್ದುವುದು. ಫೋಟೋ ಸುಳ್ಳಲ್ಲ, ಅದರ ಅಡಿಯಲ್ಲಿ ಏನೂ ಬರೆದಿಲ್ಲ ಎಂದು ಹುಸೇನಬಿಗೆ ಹೇಳಿದೆ. ಫೋಟೋ ಹಾಗೇ ಇರಲಿ. ಅದರಲ್ಲಿರುವ ಯಾವ ವಸ್ತು ಯಾರದು ಎಂದು ಕೆಳಗೆ ಬರೆಯಬಹುದೇ ಎಂದು ಕೇಳಿದೆ. ಅವರು ಕಾಶವ್ವನನ್ನು ನೋಡಿದರು.

‘ಬರೀರಿ,’ ಎಂದರು ಕಾಶವ್ವ. ‘ನನ್ನ ಅಡ್ಡಹೆಸರ ಬರೀಬ್ಯಾಡ್ರಿ. ಬೀಗರು ಮೊಬೈಲ್ ನೋಡತಾರ.’

ಶಾಹಿನ್‌ಳನ್ನೇ ಹೇಳಲು ಹೇಳಿ ನಾನು ಬರೆದುಕೊಂಡೆ. ಕೊನೆಗೆ, ಇದರಲ್ಲಿ ನಿನ್ನದು ಏನು ಎಂದು ಕೇಳಿದಾಗ ಬಹಳ ಹೊತ್ತು ಯೋಚಿಸಿದಳು. ‘ಚಪ್ಪಲ್ ನಂದ್ರಿ. ಫೋಟೋದಾಗ ಬಂದಿಲ್ಲ.’

ಅಡಿಬರಹ ಹೀಗಾಯಿತು: ‘ಕೊರಳಲ್ಲಿರುವ ಬೋರಮಾಳ ಪಕ್ಕದ ಮನೆಯ ಕಾಶವ್ವನದು, ಬಂಗಾರದ ನೀರು ಕೊಟ್ಟದ್ದು. ಚೂಡಿದಾರವೂ ಕೇಳಿ ತಂದದ್ದು. ಬಂಗಲೆ ಗೋಕಾಕದ ಸ್ಟುಡಿಯೋದ ಪರದೆ. ಕ್ಲಾರಿನೆಟ್ ಅಪ್ಪನದು, ಮದುವೆ ಇಲ್ಲದ ದಿನ ನನ್ನದು. ಚಪ್ಪಲಿ ನನ್ನದು, ಫೋಟೋದಲ್ಲಿ ಕಾಣುವುದಿಲ್ಲ.’

ಇದನ್ನೂ ಪರದೆಯ ಚಿತ್ರವನ್ನೂ ಅಲ್ಲಿಂದಲೇ ನಂದಿತಾಗೆ ಕಳಿಸಿದೆ. ಚಪ್ಪರದ ಕೆಳಗೆ ಸಿಗ್ನಲ್ ಇರಲಿಲ್ಲ. ರಸ್ತೆಗೆ ಬಂದು ಕಳಿಸಬೇಕಾಯಿತು. ಬಸ್‌ಸ್ಟ್ಯಾಂಡಿನವರೆಗೆ ಮೀರಾಸಾಬ ಜೊತೆಗೆ ಬಂದರು. ದಾರಿಯಲ್ಲಿ ಒಂದು ಮಾತು ಕೇಳಿದರು. ‘ಕ್ಲಾಸು ಆಯ್ತವಾರ ಅಲ್ರಿ ಸಾಹೇಬ್ರ? ಮದವಿನೂ ಆಯ್ತವಾರನ ಜಾಸ್ತಿ. ಕ್ಲಾರಿನೆಟ್ ಒಂದ ಐತಿ, ಊದಾವ್ರು ಇಬ್ಬರು.’

ಅರ್ಜಿಯಲ್ಲಿ ‘ವಾದ್ಯ ಮನೆಯಲ್ಲಿದೆಯೇ?’ ಎಂಬ ಪ್ರಶ್ನೆ ಇತ್ತು. ಮಾಸ್ತರರು ‘ಇದೆ’ ಎಂದು ತುಂಬಿದ್ದರು. ನಾನು ನಂದಿತಾಗೆ ಫೋನ್ ಮಾಡಿ, ವಾದ್ಯದ ಹಣವನ್ನೂ ಪುಟದಲ್ಲಿ ಸೇರಿಸಬಹುದೇ ಎಂದು ಕೇಳಿದೆ. ‘ಈಗ ಮೊತ್ತ ಏರಿಸಿದ್ರೆ ಮೊದಲಿಂದ ಪರಿಶೀಲನೆ ಆಗ್ಬೇಕು ಸರ್. ಶುಕ್ರವಾರ ದಾಟಿಹೋಗುತ್ತೆ,’ ಎಂದರು. ಮೀರಾಸಾಬರಿಗೆ ಅದನ್ನೇ ಹೇಳಿದೆ. ಅವರು ತಲೆಯಾಡಿಸಿದರು. ‘ಮೊದಲ ಜಾಗಾ ಸಿಗಲಿ. ಬಸ್ಸಿಗಂತೂ ಹೆಣ್ಣಮಕ್ಕಳಿಗೆ ಟಿಕೀಟಿಲ್ಲ. ಅಜ್ಜಿ ಮೊಮ್ಮಗಳು ಆಧಾರ್ ತೋರಿಸಿ ಬರತಾರ.’

ಗೋಕಾಕದಲ್ಲಿ ಬಸ್ಸು ಬದಲಿಸಿ ಅಂಕಲಗಿಯ ರಸ್ತೆ ಹಿಡಿದು ಮರಳಿದೆ. ಮನೆಯವರು ಕರದಂಟು ತರಲು ಹೇಳಿದ್ದರು. ಬಸ್ಸು ಹೊರಡುತ್ತಿದ್ದರಿಂದ ತರಲಾಗಲಿಲ್ಲ. ಅಂಕಲಗಿಯಲ್ಲಿ ಬಸ್ಸು ನಿಂತಾಗ ಮೊಬೈಲ್ ತೆಗೆದು ನೋಡಿದೆ. ಪುಟ ಇನ್ನೂ ಮುಚ್ಚಿತ್ತು. ಬೆಳಗಾವಿಯಲ್ಲಿ ಇಳಿದು ಮತ್ತೆ ನೋಡಿದೆ. ಮುಚ್ಚಿಯೇ ಇತ್ತು.

ಶುಕ್ರವಾರ ಬೆಳಿಗ್ಗೆ ಪುಟ ಮತ್ತೆ ತೆರೆಯಿತು, ಅದೇ ಫೋಟೋ, ಕೆಳಗೆ ಅಡಿಬರಹ. ಮೊದಲು ದೂರಿದ್ದ ದಾನಿ ತಮ್ಮ ಮಾತನ್ನು ಅಳಿಸಲಿಲ್ಲ. ಅದರ ಕೆಳಗೆ ‘ಓದಿದೆ’ ಎಂದಷ್ಟೇ ಬರೆದರು. ಮಧ್ಯಾಹ್ನದ ಹೊತ್ತಿಗೆ ಬೇಕಾದಷ್ಟು ಹಣ ಸೇರಿತ್ತು. ಸಂಜೆ ಪಟ್ಟಿ ಮುಚ್ಚುವ ಮೊದಲು ಶಾಹಿನ್‌ಳ ಹೆಸರು ಅದರಲ್ಲಿತ್ತು.

ಮೊದಲ ಎರಡು ಭಾನುವಾರ ಅವಳು ಕ್ಲಾರಿನೆಟ್ಟಿನ ಪೆಟ್ಟಿಗೆ ಹಿಡಿದು ಅಜ್ಜಿಯೊಂದಿಗೆ ಬಂದು ತರಗತಿಯಲ್ಲಿ ಕುಳಿತಳು. ಮೂರನೆಯ ಭಾನುವಾರ ದಡ್ಡಿಯಲ್ಲಿ ಒಂದು ಮದುವೆ ಇತ್ತು, ಮೀರಾಸಾಬರ ಕಂಪನಿ ಅಲ್ಲಿಗೆ ಹೋಗಿತ್ತು. ಶಾಹಿನ್ ಬೆಳಗಿನ ಬಸ್ಸಿಗೆ ಬೆಳಗಾವಿಗೆ ಬಂದಳು. ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ.