ನನ್ನ ಹನ್ನೊಂದು ಮಷಿನ್ನುಗಳ ವೈರ್‌ಮನ್

ಅವರ ಬಲಗೈ ಬೆರಳುಗಳ ಹಿಂಬದಿಯಲ್ಲಿ ಒಂದು ಕೂದಲೂ ಇರಲಿಲ್ಲ. ಗೆಣ್ಣುಗಳ ಮೇಲಿನ ಚರ್ಮ ಸುಟ್ಟು ಸುಟ್ಟು ಹಳೇ ಬೆಲ್ಟಿನ ಹಾಗೆ ಹೊಳೆಯುತ್ತಿತ್ತು. ಯಾರ ಮನೆಗೆ ಬಂದರೂ ಮೊದಲು ಆ ಬೆರಳುಗಳ ಬೆನ್ನನ್ನು ಗೋಡೆಗೆ, ಸ್ವಿಚ್ಚಿಗೆ, ಫ್ರಿಜ್ಜಿನ ಬಾಗಿಲಿಗೆ ತಾಗಿಸಿ ನೋಡುವರು. ಚಹಾದ ಲೋಟ ಕೊಟ್ಟರೆ ಅದಕ್ಕೂ ಅದೇ ಮರ್ಯಾದೆ. "ಅಂಗೈಗೆ ಕರೆಂಟ್ ಹೊಡದ್ರ ಕೈ ಮುಚ್ಚತೈತ್ರಿ, ಹಿಡದದ್ದು ಬಿಡಾಕ ಬರಂಗಿಲ್ಲ. ಹಿಂದ ಹೊಡದ್ರ ಕೈ ತಾನಾ ಹಾರತೈತಿ," ಅನ್ನುವರು. ನಾನು ಜೂನಿಯರ್ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಫಿಸಿಕ್ಸ್ ಕಲಿಸಿದವಳು. ನನ್ನ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ.

ಜೋಗೇಶ್ವರಿ ಈಸ್ಟಿನ ನಮ್ಮ ಗಲ್ಲಿಯ ಎಂಟು ಬಿಲ್ಡಿಂಗುಗಳಿಗೂ ಅವರೇ ವೈರ್‌ಮನ್. ಅಂಗಡಿ ಇಲ್ಲ, ಬೋರ್ಡಿಲ್ಲ. ಒಬ್ಬರ ಮನೆಯಲ್ಲಿ ಕೆಲಸ ನೋಡಿ ಇನ್ನೊಬ್ಬರು ಕರೆಯಬೇಕು, ಅಷ್ಟೇ ಅವರ ಬದುಕು. ಹೆಸರು ಕೆಟ್ಟರೆ ಎಂಟೂ ಬಾಗಿಲು ಒಂದೇ ದಿನ ಮುಚ್ಚುತ್ತವೆ ಅಂತ ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಮೊದಲ ಒಂದು ವರ್ಷ ನಾವಿಬ್ಬರೂ ಹಿಂದಿಯಲ್ಲೇ ಮಾತಾಡಿದ್ದೆವು. ಒಂದು ದಿನ ಸ್ಟೂಲಿನ ಮೇಲೆ ನಿಂತವರು ಸ್ಕ್ರೂ ಬೀಳಿಸಿಕೊಂಡು, "ಎಲ್ಲಿ ಹಾಳಾಗಿ ಹೋತು ಇದು" ಅಂತ ಗೊಣಗಿದರು. "ಸೋಫಾ ಕೆಳಗೆ ಹೋಯ್ತು" ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಪೆದ್ದುಪೆದ್ದಾಗಿ ಒಬ್ಬರನ್ನೊಬ್ಬರು ನೋಡಿದೆವು. ಅವರು ಬಿಜಾಪುರದ ಕಡೆಯ ಮುಸಲ್ಮಾನರು, ನಾನು ಮೈಸೂರಿನವಳು. ಅವತ್ತಿನಿಂದ ನಾನು 'ಅಕ್ಕೋರು' ಆದೆ. ಅವರ ಸೀಮೆಯಲ್ಲಿ ಮೇಡಂಗೆ ಹಾಗನ್ನುತ್ತಾರೆ. ಮನೆಯಲ್ಲಿ ನಾನೊಬ್ಬಳೇ. ಕನ್ನಡ ಕಿವಿಗೆ ಬೀಳಬೇಕೆಂದರೆ ಲೋಕಲ್ ಹಿಡಿದು ಮಾಟುಂಗಕ್ಕೆ ಹೋಗುತ್ತಿದ್ದ ನನಗೆ, ಕನ್ನಡವೇ ಮೆಟ್ಟಿಲು ಹತ್ತಿ ಬರುವ ಹಾಗಾಯಿತು. ಸುಳ್ಳು ಯಾಕೆ, ಕೆಲವು ಸಲ ಬಲ್ಬು ಸರಿಯಿದ್ದರೂ ಕರೆಸಿದ್ದೇನೆ.

ವೈರ್‌ಮನ್‌ರ ಬಾಯಿ ಮಾತ್ರ ಕೆಟ್ಟದ್ದು. ಕನಿಕರ ಅನ್ನುವುದೇ ಇರಲಿಲ್ಲ. ನಮ್ಮ ಹಳೇ ಬಿಲ್ಡಿಂಗಿನಲ್ಲಿ ಅರ್ತಿಂಗ್ ಗುಂಡಿ ಇಲ್ಲ. ಯಂತ್ರಗಳ ತಗಡಿಗೆ ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ತಂತಿಯೇ ಅರ್ತಿಂಗ್, ಅದನ್ನು ಹೂಳಲು ನೆಲದಲ್ಲಿ ಗುಂಡಿ ಬೇಕು. ಕಟ್ಟಿಸಿದವರು ಆ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿ ಕೈತೊಳೆದುಕೊಂಡಿದ್ದರು. ಪೈಪು ಹೇಗೂ ಮಣ್ಣಿಗೆ ಹೋಗುತ್ತದೆ, ಕರೆಂಟೂ ಹೋಗಲಿ ಅಂತ. ವೈರ್‌ಮನ್ ಇದನ್ನು ನಮ್ಮ ಬಿಲ್ಡಿಂಗಿನವರ ಸೊಸೈಟಿಯ ಚೇರ್‌ಮನ್ನರಿಗೆ ಮೂರು ಸಲ ಹೇಳಿದರು. ಚೇರ್‌ಮನ್ ಅಂದರೆ ನನ್ನ ಕೆಳಗಿನ ಮನೆಯ ಅಜ್ಜ, ಫೋರ್ಟ್ ಏರಿಯಾದ ಯಾವುದೋ ಆಫೀಸಿನಲ್ಲಿ ರಿಟೈರ್ ಆದವರು. ಕಾಂಪೌಂಡಿಗೆ ಆಗ ತಾನೇ ಹಾಕಿಸಿದ ಹೊಸ ಟೈಲ್ಸ್ ಒಡೆಯಲು ಅವರಿಗೆ ಮನಸ್ಸಿರಲಿಲ್ಲ. ಮೂರನೇ ಸಲ ವೈರ್‌ಮನ್ ಹಿಂದಿಯಲ್ಲಿ, ಎಲ್ಲರೆದುರಿಗೆ ಹೇಳಿದರು: "ಈ ಗುಂಡಿ ತೋಡಿಸದಿದ್ದರೆ ಮುಂದೆ ಬೇರೆ ಗುಂಡಿ ತೋಡಿಸಬೇಕಾಗುತ್ತೆ ಸಾಹೇಬರೇ, ಆರಡಿ ಉದ್ದದ್ದು." ಅಜ್ಜ ಅವರ ಜೊತೆ ಮಾತು ಬಿಟ್ಟರು.

ಲಾಕ್‌ಡೌನ್ ಮುಗಿಯುತ್ತಾ ಬಂದಾಗ ನನಗೆ ಕ್ರಿಪ್ಟೋ ಮೈನಿಂಗಿನ ಹುಚ್ಚು ಹಿಡಿಯಿತು. ಹಳೇ ವಿದ್ಯಾರ್ಥಿಯೊಬ್ಬ ಹೇಳಿಕೊಟ್ಟಿದ್ದ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದ ಕಂಪ್ಯೂಟರುಗಳು ಹಗಲೂ ರಾತ್ರಿ ಲೆಕ್ಕ ಮಾಡುತ್ತವೆ, ಅದಕ್ಕೆ ಪ್ರತಿಯಾಗಿ ಕಣ್ಣಿಗೆ ಕಾಣದ ನಾಣ್ಯ ಹುಟ್ಟುತ್ತದೆ. ಒಳಗಿನ ಕೋಣೆಯಲ್ಲಿ ಐದು ಮಷಿನ್ ಹಾಕಿದೆ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸಿದ್ದೆ. ವಾರ ಕಳೆದ ಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ವೈರ್‌ಮನ್‌ರನ್ನು ಕರೆಸಿದೆ.

ಅವರು ಕೋಣೆಯ ಬಾಗಿಲಲ್ಲಿ ನಿಂತು ಮಷಿನ್ನುಗಳನ್ನು, ಬೋರ್ಡುಗಳನ್ನು ನೋಡಿದರು. ಆಮೇಲೆ ನನ್ನ ಮಣಿಕಟ್ಟು ಹಿಡಿದು, ಬೆರಳಿನ ಬೆನ್ನನ್ನು ಬೋರ್ಡಿನ ಕಾದ ಪ್ಲಗ್ಗಿಗೆ ಒತ್ತಿ, "ಇಪ್ಪತ್ತು ಎಣಸ್ರಿ ಅಕ್ಕೋರ" ಅಂದರು. ನಾಲ್ಕಕ್ಕೆ ಕಿತ್ತುಕೊಂಡೆ. ಕಣ್ಣಲ್ಲಿ ನೀರು ಬಂತು. "ನಾಕಕ್ಕ ಓಡಿದ್ರಿ ನೀವು. ಈ ವೈರ್ ಎಂಟು ದಿನದಿಂದ ಓಡಾಕ ದಾರಿ ಇಲ್ದ ಕುಂತೈತಿ" ಅಂದವರೇ ಮೇನ್ ಆಫ್ ಮಾಡಿ, ಪಕ್ಕಡ್ ತೆಗೆದು, ನನ್ನ ಎರಡೂ ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ಕಟ್ ಕಟ್ ಅಂತ ತುಂಡು ಮಾಡಿ ನನ್ನ ಕಾಲಬುಡಕ್ಕೆ ಹಾಕಿದರು. ಕೇಳಲೂ ಇಲ್ಲ.

"ಗೀಸರ್ ಇಪ್ಪತ್ತು ನಿಮಿಷ ದುಡೀತೈತಿ, ಮಲಗತೈತಿ. ಇವು ಮಲಗಂಗಿಲ್ಲ. ಮಲಗಲಾರದ ಮನಷ್ಯಾಗ ಹುಚ್ಚ ಹಿಡಿತೈತಿ, ಮಲಗಲಾರದ ವೈರಿಗೆ ಬೆಂಕಿ ಹಿಡಿತೈತಿ."

"ಲೋಡ್ ಲೆಕ್ಕ ನನಗೂ ಬರತ್ತೆ. ನಾನು ಎಂ.ಎಸ್ಸಿ. ಮಾಡಿದೀನಿ," ಅಂದೆ.

"ಕರೆಂಟಿಗೆ ಓದಾಕ ಬರಂಗಿಲ್ರಿ," ಅಂದರು.

ಮೂರು ದಿನ ಕೂತು ಮೀಟರಿನಿಂದಲೇ ಬೇರೆ ದಪ್ಪ ವೈರ್ ಎಳೆದರು. ಎರಡು ಮಷಿನ್ನಿಗೊಂದು ಬ್ರೇಕರ್, ಪ್ರತಿಯೊಂದಕ್ಕೂ ಗೋಡೆಯಲ್ಲೇ ದೊಡ್ಡ ಸಾಕೆಟ್, ಕಿಟಕಿಗೆ ಎಕ್ಸಾಸ್ಟ್ ಫ್ಯಾನ್. ಪರದೆ ಕಿತ್ತು ಹಾಕಿಸಿದರು. ಎಲ್ಲದರ ತಲೆಯ ಮೇಲೆ ಒಂದು ಇಎಲ್‌ಸಿಬಿ ಕೂರಿಸಿದರು. ಕರೆಂಟು ದಾರಿ ತಪ್ಪಿ ಎಲ್ಲಿಗಾದರೂ ಸೋರಿದರೆ ತಾನೇ ಬಿದ್ದು ಎಲ್ಲವನ್ನೂ ಆರಿಸುವ ಸ್ವಿಚ್ಚದು. ನನ್ನ ಜೀವ ಆವತ್ತು ಉಳಿದದ್ದು ಅವರಿಂದ.

ನನ್ನ ಆಸೆ ಐದಕ್ಕೆ ನಿಲ್ಲಲಿಲ್ಲ. ಹನ್ನೊಂದಾಯಿತು. ಆಗ ಶುರುವಾಯಿತು ಇಎಲ್‌ಸಿಬಿಯ ಕಾಟ. ದಿನಕ್ಕೆ ನಾಲ್ಕು ಸಲ ಬೀಳುತ್ತಿತ್ತು. ಕಾರಣ ನನಗೆ ಗೊತ್ತಿತ್ತು. ಇಂಥ ಪ್ರತಿಯೊಂದು ಮಷಿನ್ನೂ ಅರ್ತಿಂಗಿಗೆ ಒಂದಿಷ್ಟು ಕರೆಂಟು ಬಿಡುವಂತೆಯೇ ಕಟ್ಟಿರುತ್ತಾರೆ. ಒಂದರದ್ದು ಲೆಕ್ಕಕ್ಕಿಲ್ಲ, ಹನ್ನೊಂದರದ್ದು ಸೇರಿದರೆ ಆ ಸ್ವಿಚ್ಚು ಬೀಳುತ್ತದೆ. ದೋಷವೇ ಅಲ್ಲ ಅದು. ವೈರ್‌ಮನ್ ಒಪ್ಪಲಿಲ್ಲ. "ಮೂರು ಇಎಲ್‌ಸಿಬಿ ಮಾಡಿ ಹಂಚಿ ಹಾಕ್ತೀನಿ. ಆದ್ರ ಮೊದ್ಲ ಅರ್ತಿಂಗ್ ಗುಂಡಿ ಆಗ್ಲಿ. ಪೈಪಿನ ಮ್ಯಾಲ ನನಗ ಭರೋಸ ಇಲ್ಲ. ಅಲ್ಲೀತನಕ ಆರು ಮಷಿನ್ ಬಂದ್ ಮಾಡ್ರಿ." ಗುಂಡಿ ಆಗುವುದು ಅಜ್ಜ ಒಪ್ಪಿದ ಮೇಲೆ. ಅಷ್ಟು ದಿನ ಯಾರು ಕಾಯುತ್ತಾರೆ? ಕಣ್ಣು ನೆತ್ತಿಗೇರಿತ್ತು ನನಗೆ. ಅವರು ಹೋದ ಮೇಲೆ ಗೇಣುದ್ದದ ಎರಡು ವೈರ್ ತುಂಡು ತೆಗೆದುಕೊಂಡು, ಕರೆಂಟು ಇಎಲ್‌ಸಿಬಿಯನ್ನು ಮುಟ್ಟದೆ ಪಕ್ಕದಿಂದಲೇ ಹೋಗುವಂತೆ ಬೈಪಾಸ್ ಮಾಡಿಬಿಟ್ಟೆ. ಕೆಲಸ ಅಚ್ಚುಕಟ್ಟಾಗಿ ಮಾಡಿದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದಾದ ತಿಂಗಳಿಗೆ ಅಜ್ಜ ನೀರಿನ ಪೈಪಿನ ಕೆಳಭಾಗ ತುಕ್ಕು ಹಿಡಿದಿದೆಯೆಂದು ಅಷ್ಟುದ್ದ ಕತ್ತರಿಸಿ ಪ್ಲಾಸ್ಟಿಕ್ ಪೈಪ್ ಹಾಕಿಸಿದರು. ವೈರ್‌ಮನ್‌ಗೆ ಹೇಳಲಿಲ್ಲ, ಮಾತು ಬಿಟ್ಟಿತ್ತಲ್ಲ. ನಾನು ದಿನಾ ಸ್ಟೇಷನ್ನಿಗೆ ಹೋಗುವಾಗ ಆ ಬಿಳೀ ಪೈಪಿನ ಪಕ್ಕದಲ್ಲೇ ನಡೆದುಹೋಗಿದ್ದೇನೆ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ ಅನ್ನುವುದು ಆರನೇ ಕ್ಲಾಸಿನ ಪಾಠ. ನನ್ನ ಮಷಿನ್ನುಗಳು ಸೋರುವ ಕರೆಂಟು ಇನ್ನು ಮಣ್ಣಿಗೆ ಇಳಿಯದೆ ಮೇಲಿನ ಕಬ್ಬಿಣದಲ್ಲೇ, ನಲ್ಲಿಗಳಲ್ಲೇ ಕಾದು ಕೂರುತ್ತದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಪೈಪ್ ಹಾಕಿಸಿದ ನಾಲ್ಕನೇ ದಿನ ಬೆಳಿಗ್ಗೆ ಅಜ್ಜ ಸ್ನಾನಕ್ಕೆ ಹೋಗಿ ಒದ್ದೆ ಕೈಯಲ್ಲಿ ಹಿತ್ತಾಳೆ ನಲ್ಲಿ ಹಿಡಿದರು. ಕೈ ಬಿಡಿಸಲಾಗಲಿಲ್ಲ. ಕಾಲು ಜಾರಿ ಬಿದ್ದದ್ದರಿಂದ ನಲ್ಲಿ ತಪ್ಪಿ ಜೀವ ಉಳಿಯಿತು, ಸೊಂಟ ಮುರಿಯಿತು. ನಾನು ಇಎಲ್‌ಸಿಬಿಯನ್ನು ಬೈಪಾಸ್ ಮಾಡದಿದ್ದರೆ ಅವರು ಮುಟ್ಟಿದ ಕ್ಷಣವೇ ಅದು ಬೀಳುತ್ತಿತ್ತು.

ವೈರ್‌ಮನ್ ಓಡಿಬಂದು, ಒಂದೊಂದೇ ಮನೆಯ ಮೇನ್ ಆರಿಸುತ್ತಾ ಪೈಪು ಮುಟ್ಟಿ ನೋಡುತ್ತಾ ನನ್ನ ಮನೆಗೆ ಬಂದರು. ಬೋರ್ಡ್ ಬಿಚ್ಚಿದರು. ನನ್ನ ಎರಡು ತುಂಡು ವೈರ್ ಕಂಡವು. ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ಅವನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಎಲ್ಲ ಮಷಿನ್ ಬಂದ್ ಮಾಡಿ, "ಮುದಕ ಉಳಕೊಂಡಾನ್ರಿ" ಅಂತಷ್ಟೇ ಹೇಳಿ ಇಳಿದು ಹೋದರು.

ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಸೊಸೈಟಿಯ ಮೀಟಿಂಗ್ ಕರೆದರು. ಅಜ್ಜ ಆಸ್ಪತ್ರೆಯಲ್ಲಿದ್ದರು. ನಾವೆಲ್ಲ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ವೈರ್‌ಮನ್ ಒಬ್ಬರೇ ನಿಂತುಕೊಂಡು. ಹೀಗಾದದ್ದು ಯಾರ ತಪ್ಪಿನಿಂದ ಅಂತ ಸೆಕ್ರೆಟರಿ ಕೇಳಿದರು. ವೈರ್‌ಮನ್ ಅವರಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಅಕ್ಕೋರ, ನೀವಾ ಹೇಳಿಬಿಡ್ರಿ. ನಾ ಹೇಳಿದ್ರ ನಿಮ್ಮ ಮರ್ಯಾದಿ ಹೋಗತೈತಿ. ನೀವು ಹೇಳಿದ್ರ ಉಳಿತೈತಿ."

ಅಲ್ಲಿದ್ದವರಲ್ಲಿ ಇನ್ನೊಬ್ಬರಿಗೂ ಕನ್ನಡ ಬಾರದು. "ಏನಂತಾನೆ ಇವನು?" ಅಂತ ಸೆಕ್ರೆಟರಿ ನನ್ನನ್ನು ಮರಾಠಿಯಲ್ಲಿ ಕೇಳಿದರು.

ನಾನು ಮರಾಠಿಯಲ್ಲೇ ಹೇಳಿದೆ. "ತಪ್ಪಾಯ್ತು ಅಂತಿದ್ದಾರೆ. ಅರ್ತಿಂಗ್ ತಾನು ನೋಡಿಕೊಳ್ಳಬೇಕಾಗಿತ್ತು, ನೋಡಿಕೊಳ್ಳಲಿಲ್ಲ ಅಂತಿದ್ದಾರೆ."

ಮೂವತ್ತು ವರ್ಷ ಈ ಊರಲ್ಲಿದ್ದ ವೈರ್‌ಮನ್‌ಗೆ ಮರಾಠಿ ಬರುವುದಿಲ್ಲವೆ? ಪ್ರತಿ ಅಕ್ಷರವೂ ಅರ್ಥವಾಯಿತು. ಅದು ನನಗೂ ಗೊತ್ತಿತ್ತು. ನಾನು ಕಾಲೇಜಿನ ಮೇಡಂ, ಅವರು ಗಡ್ಡದ ವೈರ್‌ಮನ್, ಈ ಕುರ್ಚಿಗಳು ಯಾರ ಮಾತು ನಂಬುತ್ತವೆ ಅನ್ನುವುದೂ ಗೊತ್ತಿತ್ತು. ನಾನು ನೆಚ್ಚಿಕೊಂಡದ್ದೇ ಅದನ್ನು. ಅವರು ನನ್ನ ಮುಖ ನೋಡಿದರು, ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಜೇಬಿನೊಳಗಿಂದ ಏನನ್ನೂ ತೆಗೆಯಲಿಲ್ಲ. "ಆತ್ರಿ" ಅಂದು ಚೀಲ ಎತ್ತಿಕೊಂಡು ಗೇಟು ದಾಟಿದರು.

ಆ ವಾರವೇ ಎಂಟೂ ಬಿಲ್ಡಿಂಗ್ ಅವರನ್ನು ಬಿಟ್ಟವು. ಮುಂದಿನ ತಿಂಗಳು ಸೊಸೈಟಿಯವರು ಟೈಲ್ಸ್ ಒಡೆದು ಅರ್ತಿಂಗ್ ಗುಂಡಿ ತೋಡಿಸಿದರು. ಹೊಸ ವೈರ್‌ಮನ್ ಬಂದು ನನಗೆ ಮೂರು ಇಎಲ್‌ಸಿಬಿ ಹಾಕಿಕೊಟ್ಟ, ಹಳಬರು ಹೇಳಿದ್ದ ಹಾಗೆಯೇ. ಮಷಿನ್ನುಗಳು ಮತ್ತೆ ಓಡಿದವು. ಅಜ್ಜ ವಾಕರ್ ಹಿಡಿದು ಮನೆಗೆ ಬಂದರು, ಹಬ್ಬ ಬಂದರೆ ನನಗೆ ಪುರಣಪೋಳಿ ಕಳಿಸತೊಡಗಿದರು. ನಾನು ತಿಂದೆ.

ಐದಾರು ತಿಂಗಳ ಮೇಲೆ ವೈರ್‌ಮನ್ ಸ್ಟೇಷನ್ನಿನ ಹೊರಗೆ ಸಿಕ್ಕರು. ಯಾರೋ ಕಂಟ್ರಾಕ್ಟರನ ಕೈಕೆಳಗೆ, ಆ ವಯಸ್ಸಿನಲ್ಲಿ, ಹೆಗಲ ಮೇಲೆ ಕೇಬಲ್ಲಿನ ಸುರುಳಿ ಹೊತ್ತಿದ್ದರು. ನಾನು ಅಡ್ಡ ನಿಂತು, ನನ್ನಿಂದ ತಪ್ಪಾಯ್ತು, ನಿಮ್ಮ ಹೊಟ್ಟೆಯ ಮೇಲೆ ಹೊಡೆದೆ, ಕ್ಷಮಿಸಿ ಅಂತ ಒಂದೇ ಉಸಿರಿಗೆ ಹೇಳಿದೆ.

"ಗೊತ್ತಿದ್ದವನ ಮುಂದ ಯಾಕ ಹೇಳ್ತೀರಿ ಅಕ್ಕೋರ? ಗೊತ್ತಿಲ್ಲದವ್ರ ಮುಂದ ಹೇಳ್ರಿ. ಮೀಟಿಂಗ್‌ನಾಗ ಹೇಳ್ರಿ."

"ಹೇಳ್ತೀನಿ."

"ನೀವು ಹೇಳಂಗಿಲ್ಲ" ಅಂದರು. ಸಿಟ್ಟಿನಿಂದಲ್ಲ, ವೈರ್ ನೋಡಿ ಇದು ನಡೆಯಲ್ಲ ಅನ್ನುವಾಗಿನ ದನಿಯಲ್ಲಿ. ಸುರುಳಿ ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಬ್ರಿಜ್ ಹತ್ತಿದರು.

ಆಮೇಲೆ ಮೂರು ಮೀಟಿಂಗ್ ಆದವು. ಮೂರರಲ್ಲೂ ಬಾಯಿ ಬಿಡಲಿಲ್ಲ. ಒಂದು ದಿನ ಹೊಸ ವೈರ್‌ಮನ್ ಫ್ಯಾನ್ ಬಿಚ್ಚುತ್ತಾ ಹೇಳಿದ: ಹಳಬರು ಅದೇ ಬ್ರಿಜ್ಜಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವನಿಗೆ ಚಹಾ ಮಾಡಿಕೊಟ್ಟೆ.

ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತೆ. ಇಎಲ್‌ಸಿಬಿ ಬೈಪಾಸ್ ಮಾಡಿದವಳು ನಾನು, ವೈರ್‌ಮನ್‌ರದ್ದು ಏನೂ ತಪ್ಪಿರಲಿಲ್ಲ ಅಂದೆ. ಸೆಕ್ರೆಟರಿ ತಮ್ಮ ಫೈಲು ನೋಡಿಕೊಂಡರು. ಮುಂದಿನ ಸಾಲಿನಲ್ಲಿ ವಾಕರ್ ಹಿಡಿದು ಕೂತಿದ್ದ ಅಜ್ಜ ನಿಧಾನವಾಗಿ ತಿರುಗಿದರು.

"ಗೊತ್ತು ಟೀಚರ್. ನಮಗೆಲ್ಲ ಅವತ್ತೇ ಗೊತ್ತಿತ್ತು. ನಿಮ್ಮ ಮಷಿನ್ನುಗಳು ಬಂದ್ ಆದ ಮೇಲೇ ಪೈಪಿನ ಕರೆಂಟು ನಿಂತದ್ದನ್ನು ಎಲ್ಲರೂ ನೋಡಿದ್ದರು. ಗುಂಡಿ ಬೇಡ ಅಂದವನು ನಾನು, ಪ್ಲಾಸ್ಟಿಕ್ ಪೈಪ್ ಹಾಕಿಸಿದವನೂ ನಾನು. ನಿಮ್ಮ ಹೆಸರು ಹೊರಗೆ ಬಂದಿದ್ದರೆ ಹಿಂದೆಯೇ ನನ್ನದೂ ಬರುತ್ತಿತ್ತು. ದೊಡ್ಡ ಉಪಕಾರ ಮಾಡಿದಿರಿ. ಹೇಗೂ ಅವನೇ ತಪ್ಪಾಯ್ತು ಅಂತ ಒಪ್ಪಿಕೊಂಡನಲ್ಲ. ಕೂತ್ಕೊಳ್ಳಿ."

ವೈರ್‌ಮನ್ ಹಾಗೆ ಅಂದೇ ಇರಲಿಲ್ಲ, ಆ ಮಾತು ನನ್ನದು ಅಂತ ಹೇಳುವುದು ಇನ್ನೂ ಬಾಕಿಯಿತ್ತು. ನಾನು ಕೂತುಕೊಂಡೆ.