ಕಾಕಿಗಾಗಿ ನಾನು ಆರಿಸಿದ ಊರು

ಕಳೆದ ಶನಿವಾರ ಮರಿಮಗಳು ಸ್ಕೂಲಿನ ಕ್ಯಾನ್ವಾಸ್ ಬೂಟಿಗೆ ಬಿಳಿ ಪಾಲಿಶ್ ಬಳಿದು ಕಿಟಕಿಯಲ್ಲಿ ಒಣಗಲಿಟ್ಟಿದ್ದಳು. ಒದ್ದೆ ಸುಣ್ಣದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹುಕ್ಕೇರಿಯಲ್ಲಿ ನಮ್ಮ ಬಾಜೂ ಮನೆಯ ಪಡಸಾಲೆಯಲ್ಲಿದ್ದೆ. ಹದಿನೈದು ವರ್ಷದವಳು. ಎದುರಿಗೆ ಕಾಕಿ, ನನ್ನ ಹಳೆಯ ಕ್ಯಾನ್ವಾಸ್ ಡ್ರಿಲ್ ಬೂಟು ಹಾಕಿಕೊಂಡು, ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದರು...

ಕಾಕಿ ಎಂದರೆ ಚಿಕ್ಕಮ್ಮ, ಆದರೆ ಅದು ಬಾಯಿಮಾತಿನ ಸಂಬಂಧ. ಅವರು ಜೈನರು, ನಾವು ಲಿಂಗಾಯತರು. ನಡುವೆ ಇದ್ದದ್ದು ಒಂದೇ ಗೋಡೆ. ಅವರ ಯಜಮಾನರು ಲಂಡನ್ನಿನ ಒಂದು ಹತ್ತಿ ವ್ಯಾಪಾರದ ಆಫೀಸಿನಲ್ಲಿದ್ದರು. ಎರಡು ವರ್ಷಕ್ಕೆಂದು ಹೋದವರು ಎದೆಯ ರೋಗ ಹಿಡಿಸಿಕೊಂಡು ಹತ್ತು ವರ್ಷ ಅಲ್ಲೇ ಉಳಿದರು. ಹಡಗಿನ ದೀರ್ಘ ಪ್ರಯಾಣ ಕೂಡದೆಂದು ಡಾಕ್ಟರರ ಆರ್ಡರ್. ೧೯೩೮ರ ಮೇ ತಿಂಗಳಲ್ಲಿ ಅವರ ಪತ್ರ ಬಂತು. 'ನವೆಂಬರ್ ಕೊನೆಗೆ ಒಂದು ವಾರ ರಜೆಯಿದೆ. ಚಳಿ ಕಡಿಮೆಯಿರುವ ದಕ್ಷಿಣದ ಊರಿನವರೆಗೆ ನಾನು ರೈಲಿನಲ್ಲಿ ಬರಬಲ್ಲೆ, ನೀನು ಅಲ್ಲಿಯವರೆಗೆ ಹಡಗಿನಲ್ಲಿ ಬಾ. ಫ್ರಾನ್ಸಿನ ಮಾರ್ಸೇಲ್ಸ್ ಆದೀತು. ಬೇರೆ ಊರು ಬೇಕೆನಿಸಿದರೆ ತಿಳಿಸು. ದಿನಾ ಸ್ವಲ್ಪ ಜೊತೆಯಲ್ಲಿ ನಡೆಯೋಣ.'

ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿನಿಂದ ರಜೆಗೆ ಬಂದಿದ್ದ ನಾನು ಆ ಓಣಿಗೆಲ್ಲ ಜಾಗ್ರಫಿ ಪಂಡಿತೆ. ಕಾಕಿ ಪತ್ರವನ್ನು ತಂದು ನನ್ನ ಅಟ್ಲಾಸಿನ ಮೇಲಿಟ್ಟರು.

"ನೋಡವಾ, ನನ್ನ ತೊಡಕು ಮೂರು. ಚರ್ಮದ ಬೂಟು ನಾ ಮೆಟ್ಟಂಗಿಲ್ಲ. ಹೊತ್ತು ಮುಳಗಿದ ಮ್ಯಾಲೆ ಉಣ್ಣಂಗಿಲ್ಲ. ಚಾತುರ್ಮಾಸದ ನೇಮ ಹಿಡದೇನಿ, ದೀಪಾವಳಿ ತನಕಾ ಊರ ಸೀಮಿ ದಾಟಂಗಿಲ್ಲ. ಇನ್ನ ಅವರಿಗೆ ಏರು ಹತ್ತಿದ್ರ ದಮ್ಮು. ಇದಕ್ಕೆಲ್ಲಾ ಒಪ್ಪೂ ಊರು ಹುಡುಕು."

"ಮೂರು ಅಂದ್ರಿ, ನಾಕ ಆದ್ವಲ್ರಿ ಕಾಕಿ!"

"ನಾಕನೇದು ಅವರದು. ಅದೂ ನನ್ನ ತಲಿ ಮ್ಯಾಗೇ ಬರತೈತಿ" ಎಂದು ನಕ್ಕರು.

ಜೊತೆಗೆ ಹೋಗಬೇಕಾದವರು ಮೂಡಲಗಿಯಲ್ಲಿದ್ದ ಕಾಕಿಯ ಅಣ್ಣ, ಬೆಲ್ಲದ ವ್ಯಾಪಾರಿ. ಅಂದು ಅಲ್ಲೇ ಕೂತಿದ್ದವರು ಚುಚ್ಚಿದರು: "ಗೋಕಾಕ ಫಾಲ್ಸ್ ನೋಡಾಕ ಕರದ್ರ ಕಾಲು ನೋಯ್ತಾವ ಅಂದಾಕಿ, ಈಗ ಯುರೋಪ ಅಡ್ಡಾಡಾಕಿ ಏನಬೇ?"

"ನೀ ಕರದ್ರ ನೋಯ್ತಾವಪಾ. ಅವರು ಕರದ್ರ ನೋಯಂಗಿಲ್ಲ."

ನಾನು ಹುಡುಕಿದೆ. ಮಾರ್ಸೇಲ್ಸಿನಲ್ಲಿ ಉತ್ತರದಿಂದ ಮಿಸ್ಟ್ರಲ್ ಎಂಬ ಕೊರೆಯುವ ಗಾಳಿ ಬೀಸುತ್ತದೆಂದು ನನ್ನ ಪುಸ್ತಕದಲ್ಲಿತ್ತು, ಅದನ್ನು ಹೊಡೆದುಹಾಕಿದೆ. ಇಟಲಿಯ ಜಿನೋವಾ ಬರೀ ಏರು. ನೀಸ್ ಒಳ್ಳೆಯದು, ಸಮುದ್ರದ ಗುಂಟ ಅಡ್ಡಾಡಲೆಂದೇ ಮಾಡಿದ ಸಪಾಟು ಪ್ರಾಮಿನೇಡ್ ಇದೆ ಎಂದೆ. ಕಾಕಿ ಹಾಗೇ ಲಂಡನ್ನಿಗೆ ಬರೆದರು. ಜೂನಿನಲ್ಲಿ ಬೋರ್ಡಿಂಗಿಗೆ ಮರಳಿದ ಮೇಲೆ ಜಾಗ್ರಫಿ ಸಿಸ್ಟರನ್ನು ಕೇಳಿದೆ. ನವೆಂಬರ್ ಕೊನೆಗೆ ನೀಸಿನಲ್ಲಿ ಐದಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆಂದರು. ನಾಲ್ಕಕ್ಕೆ ಉಂಡರಾಯಿತು, ಅಷ್ಟೇ ತಾನೆ? ಕಾಕಿ ಅದಕ್ಕೂ ಒಪ್ಪಿದ್ದರು. ನನಗೇ ಸಮಾಧಾನವಾಗಲಿಲ್ಲ. ಇನ್ನೂ ದಕ್ಷಿಣಕ್ಕೆ ಇಟಲಿಯ ಪಲೆರ್ಮೊ ಕಾಣಿಸಿತು. "ಅದು ಹೆಚ್ಚು ಮೈಲ್ಡ್ ಕಾಕಿ, ನೀಸ್ ಬ್ಯಾಡ" ಎಂದು ಕಾರ್ಡು ಹಾಕಿದೆ. ಖರೆ ಹೇಳಬೇಕೆಂದರೆ, ಕಾಕಿ ನನ್ನ ಮಾತಿನಂತೆ ಊರು ಬದಲಿಸುತ್ತಿದ್ದದ್ದು ನನಗೆ ಭಾರೀ ಹಿಗ್ಗು ತಂದಿತ್ತು.

ಒಂದೊಂದು ಪತ್ರ ಹೋಗಿ ಉತ್ತರ ಬರಲು ತಿಂಗಳ ಮೇಲಾಗುತ್ತಿತ್ತು. ಯಜಮಾನರು ಎಲ್ಲದಕ್ಕೂ ಒಂದೇ ಉತ್ತರ ಬರೆದರು: ನಿನ್ನಿಚ್ಛೆಯಂತೆ ಆಗಲಿ. ಅಣ್ಣ ಮಾತ್ರ ಎರಡು ಸಲ ಬಂದು, "ಊರು ಯಾವದಂತ ಹೇಳ್ರಿ ಮೊದಲ! ಟಿಕೆಟ್ ಯಾವ ದಿಕ್ಕಿಗೆ ತಗಸ್ಲಿ?" ಎಂದು ಕೂಗಾಡಿ ಹೋದರಂತೆ. ಪಲೆರ್ಮೊಗೆ ನಡುವೆ ಹಡಗು ಬದಲಿಸಬೇಕೆಂದು ತಿಳಿದು ಮತ್ತೆ ನೀಸ್ ಎನ್ನುವಷ್ಟರಲ್ಲಿ ಶ್ರಾವಣ, ಭಾದ್ರಪದ ಎರಡೂ ಮುಗಿದಿದ್ದವು. ಅಣ್ಣ ಮುಂಬಯಿಗೆ ಹೋದಾಗ ದೀಪಾವಳಿಯಾಚೆಯ ಹಡಗುಗಳಲ್ಲಿ ಜಾಗವಿರಲಿಲ್ಲ. ಡಿಸೆಂಬರಿಗೆ ಬನ್ನಿ ಎಂದರು ಹಡಗಿನ ಕಂಪನಿಯವರು. ಯಜಮಾನರ ರಜೆ ಇದ್ದದ್ದು ನವೆಂಬರಿನ ಆ ಒಂದೇ ವಾರ.

ಕ್ರಿಸ್ಮಸ್ ರಜೆಗೆ ಬಂದಾಗ ಕಾಕಿ ಹೊಸ ಪತ್ರವನ್ನು ನನಗೆ ಓದಿ ಹೇಳಿದರು. ರಜೆ ಬದಲಾಗಲಿಲ್ಲವೆಂದು ಯಜಮಾನರು ಒಬ್ಬರೇ ಮಾರ್ಸೇಲ್ಸಿಗೆ ಹೋಗಿದ್ದರು. 'ವಾರಪೂರ್ತಿ ಗಾಳಿಯೇ ಇರಲಿಲ್ಲ. ಬಂದರಿನ ಗುಂಟ ಸಪಾಟು ಹಾದಿ. ದಿನಾ ಬೆಳಿಗ್ಗೆ ಒಂದು ತಾಸು ನಡೆದೆ. ನಿನಗೆ ಏನೂ ತ್ರಾಸಾಗುತ್ತಿರಲಿಲ್ಲ.'

ಕಾಕಿ ಪತ್ರ ಮಡಚಿದರು. "ಛಲೋ ಆತು. ಅವರರೆ ಅಡ್ಡಾಡಿ ಬಂದ್ರು" ಎಂದರು. ಅದನ್ನು ಪೆಟ್ಟಿಗೆಯಲ್ಲಿಟ್ಟು, "ಮುಂದಿನ ವರ್ಷ ಅಲ್ಲೇ ಹೋದ್ರಾತು ತಗೊ" ಎಂದರು. ನಾನು ಅಟ್ಲಾಸನ್ನು ಚೀಲದ ತಳಕ್ಕೆ ತುರುಕಿದೆ.

ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ಕಾಕಿಯ ಪ್ರಯಾಣ ಅಲ್ಲಿಗೆ ಮುಗಿಯಿತು.

ಅದೇ ತಿಂಗಳು ಜೈನರ ಕ್ಷಮಾವಣಿ ಬಂತು. ವರ್ಷದ ತಪ್ಪಿಗಾಗಿ ಹಿರಿಯರು ಕಿರಿಯರೆನ್ನದೆ ಎಲ್ಲರ ಬಳಿ ಕ್ಷಮೆ ಕೇಳುವ ದಿನ. ಮ್ಯಾಟ್ರಿಕ್ ಮುಗಿಸಿ ನಾನು ಮನೆಯಲ್ಲೇ ಇದ್ದೆ. ಕಾಕಿ ನಮ್ಮ ಹೊಸ್ತಿಲ ಹೊರಗೆ ನಿಂತು ನನಗೇ ಕೈಮುಗಿದರು.

"ತಿಳದೋ ತಿಳೀದನೋ ಏನರೆ ನೋವು ಮಾಡಿದ್ರ ಕ್ಷಮಾ ಮಾಡವಾ."

ಕೈಮುಗಿದು ಅದೇ ಮಾತನ್ನು ತಿರುಗಿ ಹೇಳುವುದು ರೂಢಿ. ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಕಾನ್ವೆಂಟಿನಲ್ಲಿ ದಿನಕ್ಕೆ ಹತ್ತು ಸಲ ಸಾರಿ ಎನ್ನುತ್ತಿದ್ದವಳು ಅಂದು, "ಅಯ್ಯ, ನಾಟ್ ಅಟ್ ಆಲ್, ಕಾಕಿ" ಎಂದು ಒಳಗೋಡಿದೆ. ಅವರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರೆಂದು ಅವ್ವ ಆಮೇಲೆ ಹೇಳಿದಳು...

ಆ ಚಳಿಗಾಲದಲ್ಲೇ ಲಂಡನ್ನಿನಿಂದ ಯಜಮಾನರ ಸಾವಿನ ಸುದ್ದಿ ಬಂತು. ಅಣ್ಣ ಬಂದು ಕಾಕಿಯನ್ನು ಮೂಡಲಗಿಗೆ ಕರೆದೊಯ್ದರು. ನಾನು ಮದುವೆಯಾಗಿ ಪುಣೆಗೆ ಹೋದೆ. ಮೂರು ವರ್ಷದ ಮೇಲೆ ತವರಿಗೆ ಬಂದಾಗ, ಕಾಕಿ ತೀರಿಕೊಂಡು ಆರು ತಿಂಗಳಾಯಿತು ಎಂದರು.

ಈಗ ನನಗೆ ಎಂಬತ್ತು ದಾಟಿದೆ. ಪ್ರತಿ ಭಾದ್ರಪದದಲ್ಲಿ ಕ್ಷಮಾವಣಿಗೆ ಮೇಲಿನ ಫ್ಲ್ಯಾಟಿನ ಜೈನ ಹುಡುಗಿ ಬಂದು ಕೈಮುಗಿಯುತ್ತಾಳೆ. ನಾನು ಅವಸರ ಅವಸರವಾಗಿ ಕೈಮುಗಿದು ಪೂರ್ತಿ ಮಾತನ್ನು ತಿರುಗಿ ಹೇಳುತ್ತೇನೆ. "ಅಜ್ಜಿ, ಯು ಆರ್ ಸೋ ಸ್ವೀಟ್" ಎಂದು ಅವಳು ಲಿಫ್ಟಿನತ್ತ ಹೋಗುತ್ತಾಳೆ. ಆ ಹುಡುಗಿಗೆ ನಾನು ಯಾವ ತಪ್ಪನ್ನೂ ಮಾಡಿಲ್ಲ.